ಆಕ್ಸೊಲಾಟಲ್ ಟ್ಯಾಂಕಿಗೆ ಬೇಸಿಗೆ ಬಂದಾಗ: ಐಸ್ ಆಮೇಲೆ, ಮೊದಲು ಫ್ಯಾನ್

ನಮ್ಮ ಗುಂಡ ಬಾಲದ ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿಕೊಂಡು ಕೂತರೆ ನಾನು ತಕ್ಷಣ ಥರ್ಮಾಮೀಟರ್ ನೋಡುತ್ತೇನೆ. ಗುಂಡ ಅಂದರೆ ನನ್ನ ಆಕ್ಸೊಲಾಟಲ್, ಜೀವನವಿಡೀ ನೀರಿನಲ್ಲೇ ಇರುವ ಒಂದು ಬಗೆಯ ಸಾಲಮಾಂಡರ್. ದಿನವಿಡೀ ಮೂಲೆಯಲ್ಲಿ ಬಿದ್ದಿರುವ ಸೋಮಾರಿ, ಆದರೆ ಎರೆಹುಳು ಕಂಡರೆ ಮಿಂಚು. ಅಂಥವನು ಹುಳುವನ್ನು ಮೂಗಿನ ಮುಂದೆ ಆಡಿಸಿದರೂ ಬಾಯಿ ತೆರೆಯಲಿಲ್ಲ ಅಂದರೆ ನೀರು ಬಿಸಿಯಾಗಿದೆಯಾ ಅಂತ ನೋಡಲೇಬೇಕು.

ಇವುಗಳ ಮೂಲ ಮೆಕ್ಸಿಕೊದ ಸೋಚಿಮಿಲ್ಕೊ ಸರೋವರ, ಕಾಲುವೆಗಳು. ಸಮುದ್ರಮಟ್ಟದಿಂದ 2,200 ಮೀಟರಿಗಿಂತ ಎತ್ತರದ ಜಾಗ, ತಣ್ಣನೆಯ ನೀರು. ಹಾಗಾಗಿ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಆರಾಮ. 20 ದಾಟಿದರೆ ನಾನು ಎಚ್ಚರವಾಗುತ್ತೇನೆ. 24 ಅಂದರೆ ಅಪಾಯ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಅದೇ ಹೊತ್ತಿಗೆ ಪ್ರಾಣಿಯ ಮೈಗೆ ಬೇಕಾಗುವ ಆಮ್ಲಜನಕ ಜಾಸ್ತಿಯಾಗುತ್ತದೆ. ಅದರ ಮಲಮೂತ್ರದಿಂದ ನೀರಿಗೆ ಸೇರುವ ಅಮೋನಿಯಾದ ವಿಷವೂ ಏರುತ್ತದೆ. ಕಿವಿರಿನ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಹತ್ತುವುದೂ ಹೆಚ್ಚಾಗಿ ಇಂಥ ದಿನಗಳಲ್ಲೇ.

ತಂಪು ಮಾಡುವ ಮೊದಲು ಶಾಖ ಎಲ್ಲಿಂದ ಬರುತ್ತಿದೆ ನೋಡಿ. ಕಿಟಕಿಯ ಬಿಸಿಲು ಟ್ಯಾಂಕಿಗೆ ಬೀಳಲೇಬಾರದು. ಲೈಟ್ ಆರಿಸಿಬಿಡಿ, ಆಕ್ಸೊಲಾಟಲ್‌ಗೆ ಅದು ಬೇಕಾಗಿಯೂ ಇಲ್ಲ. ನೀರಿನೊಳಗೆ ಮುಳುಗಿರುವ ಫಿಲ್ಟರ್ ಪಂಪಿನ ಮೋಟಾರ್ ಬಿಡುವ ಶಾಖ ನೇರವಾಗಿ ನೀರಿಗೇ ಸೇರುತ್ತದೆ. ನಾನು ಅದನ್ನು ತೆಗೆದು ಏರ್ ಪಂಪಿನ ಸ್ಪಾಂಜ್ ಫಿಲ್ಟರ್ ಹಾಕಿದೆ. ಹಳೆಯ ಫಿಲ್ಟರನ್ನು ಒಮ್ಮೆಲೇ ಕಿತ್ತು ಬಿಸಾಡಬೇಡಿ. ಕೆಲವು ವಾರ ಎರಡೂ ಜೊತೆಗಿರಲಿ, ಅಮೋನಿಯಾ ಕಡಿಮೆ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಹೊಸದರಲ್ಲಿ ಬೇರೂರಬೇಕು. ಹಿಂಬದಿ ಮತ್ತು ಎರಡು ಪಕ್ಕಕ್ಕೆ ಥರ್ಮೋಕೋಲ್ ಹಾಳೆ ಅಂಟಿಸಿ. ನೋಡೋಕೆ ಚೆಂದ ಇಲ್ಲ, ನಿಜ.

ಈಗ ಫ್ಯಾನ್. ಐಸ್ ಹಾಕಿದರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಒಂದು ಲೆಕ್ಕ ನೋಡಿ: ಒಂದು ಕಿಲೋ ನೀರು ಆವಿಯಾಗಿ ಹೋಗುವಾಗ ಹೊತ್ತೊಯ್ಯುವ ಶಾಖ, ಒಂದು ಕಿಲೋ ಐಸ್ ಕರಗುವಾಗ ಹೀರುವುದರ ಸುಮಾರು 7 ಪಟ್ಟು. ಅದಕ್ಕೇ ಫ್ಯಾನ್ ಮೊದಲು. ನನ್ನ ಟ್ಯಾಂಕಿನ ಅಂಚಿಗೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಎರಡನ್ನು ಕ್ಲಿಪ್ ಹಾಕಿ ಕೂರಿಸಿದ್ದೇನೆ. ಗಾಳಿ ನೇರ ಕೆಳಗೆ ಹೊಡೆಯಬಾರದು, ನೀರಿನ ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ಸಣ್ಣ ಸಣ್ಣ ಅಲೆ ಎದ್ದರೆ ಕೋನ ಸರಿಯಿದೆ ಅಂತ ಅರ್ಥ. ಗಾಜಿನ ಮುಚ್ಚಳ ಇದ್ದರೆ ಆವಿ ಹೊರಗೆ ಹೋಗುವುದೇ ಇಲ್ಲ, ಅದನ್ನು ತೆಗೆದು ಜಾಲರಿ ಮುಚ್ಚಿ. ಪೂರ್ತಿ ತೆರೆದಿಟ್ಟರೆ ಈ ಸೋಮಾರಿಗಳೂ ಒಂದು ದಿನ ಹಾರಿ ನೆಲಕ್ಕೆ ಬೀಳಬಹುದು. ವೈರ್ ಪ್ಲಗ್ಗಿಗೆ ಸೇರುವ ಮೊದಲು ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಲಿ. ನೀರು ಹರಿದು ಬಂದರೂ ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ತಾಗುವುದಿಲ್ಲ.

ಇದರಿಂದ 2ರಿಂದ 4 ಡಿಗ್ರಿ ಇಳಿಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅಷ್ಟೂ ಇಲ್ಲ, ಫ್ಯಾನ್ ಕೈ ಕೊಡುತ್ತದೆ. ನೀರಿನ ಮಟ್ಟವೂ ದಿನಾ ಕೆಳಗಿಳಿಯುತ್ತದೆ. ಕ್ಲೋರಿನ್ ತೆಗೆದ ನೀರನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿಸಿ. ಆದರೆ ಆವಿಯಾಗಿದ್ದು ನೀರು ಮಾತ್ರ, ಲವಣ ಮತ್ತು ನೈಟ್ರೇಟ್ ಟ್ಯಾಂಕಿನಲ್ಲೇ ಉಳಿದಿವೆ. ಆದ್ದರಿಂದ ವಾರದ ನೀರು ಬದಲಾವಣೆಯನ್ನು ತಪ್ಪಿಸುವ ಹಾಗಿಲ್ಲ.

ಐಸ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲ ಬೇಸಿಗೆ, ಮಧ್ಯಾಹ್ನ ನೀರು 25 ಡಿಗ್ರಿ ತೋರಿಸಿತು. ಗಾಬರಿಯಾಗಿ ಫ್ರೀಜರಿನಲ್ಲಿದ್ದ ಒಂದು ಲೀಟರಿನ ಐದು ಬಾಟಲಿಗಳನ್ನೂ ಒಟ್ಟಿಗೆ ಹಾಕಿಬಿಟ್ಟೆ. ಸಂಜೆ ಹೊತ್ತಿಗೆ ನೀರು 20ಕ್ಕೆ ಬಂತು, ನಾನು ಗೆದ್ದೆ ಅಂದುಕೊಂಡೆ. ರಾತ್ರಿ ಐಸ್ ಮುಗಿಯಿತು, ಬೆಳಗ್ಗೆ ಮತ್ತೆ 24. ಗುಂಡ ನಾಲ್ಕು ದಿನ ಏನೂ ತಿನ್ನಲಿಲ್ಲ. ಈ ಏರಿಳಿತವೇ ಅವನನ್ನು ಸುಸ್ತು ಮಾಡಿದ್ದು ಅಂತ ನನಗೆ ಈಗಲೂ ಅನ್ನಿಸುತ್ತದೆ. 100 ಲೀಟರ್ ನೀರಿಗೆ ಒಂದು ಲೀಟರ್ ಐಸ್ ಹಾಕಿದರೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಈಗ ಒಂದೊಂದೇ ಬಾಟಲಿ ಹಾಕುತ್ತೇನೆ, ಕರಗಿದ ಮೇಲೆ ಇನ್ನೊಂದು. ಬಾಟಲಿ ಹೊರಗಿನಿಂದ ಚೆನ್ನಾಗಿ ತೊಳೆದಿರಲಿ, ಸೋಪಿನ ವಾಸನೆಯೂ ಇರಬಾರದು. ಕುತ್ತಿಗೆಯವರೆಗೆ ನೀರು ತುಂಬಿಸಬೇಡಿ, ಹೆಪ್ಪುಗಟ್ಟುವಾಗ ಹಿಗ್ಗಿ ಒಡೆಯುತ್ತದೆ. ನಲ್ಲಿ ನೀರಿನ ಐಸ್ ತುಂಡುಗಳನ್ನು ನೇರವಾಗಿ ಹಾಕುವುದು ಬೇಡವೇ ಬೇಡ, ಕ್ಲೋರಿನ್ ಜೊತೆಗೇ ಬರುತ್ತದೆ.

ಕೋಣೆಯೇ 28, 30 ಡಿಗ್ರಿ ಇರುವಲ್ಲಿ ಇದ್ಯಾವುದೂ ಸಾಲದು. ಚಿಲ್ಲರ್, ಅಂದರೆ ಟ್ಯಾಂಕಿನ ನೀರನ್ನು ತಣ್ಣಗೆ ಮಾಡುವ ಯಂತ್ರ, ಬೇಕೇ ಬೇಕು, ಇಲ್ಲವಾದರೆ ಎಸಿ ಜೊತೆಗೆ ಫ್ಯಾನ್. ಚಿಲ್ಲರ್ ಕೊಳ್ಳುವಾಗ ಎಷ್ಟು ಲೀಟರಿಗೆ ಅಂತ ಮಾತ್ರ ನೋಡಬೇಡಿ, ಕೋಣೆಗಿಂತ ಎಷ್ಟು ಡಿಗ್ರಿ ಇಳಿಸಬಲ್ಲದು ಅಂತಲೂ ಕೇಳಿ. ಅದನ್ನು ಟ್ಯಾಂಕಿನ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ತಾನೇ ಬಿಟ್ಟ ಬಿಸಿ ಗಾಳಿಯಲ್ಲಿ ತಾನೇ ಬೇಯುತ್ತದೆ. ವಾಪಸ್ ಬರುವ ನೀರಿನ ಕೊಳವೆಯನ್ನು ಗಾಜಿನ ಗೋಡೆಯ ಕಡೆ ತಿರುಗಿಸಿ, ಸೆಳೆತ ಜೋರಾದರೆ ಆಕ್ಸೊಲಾಟಲ್‌ಗೆ ಆಗಿಬರುವುದಿಲ್ಲ.

ಕರೆಂಟ್ ಹೋಗುವ ದಿನಕ್ಕೆ ಬ್ಯಾಟರಿ ಏರ್ ಪಂಪ್ ಒಂದು ಇರಲಿ. ತಿನ್ನದೆ ಬಿಟ್ಟ ಹುಳುವನ್ನು ಅವತ್ತೇ ತೆಗೆಯಿರಿ, ಬೆಚ್ಚಗಿನ ನೀರಿನಲ್ಲಿ ಬೇಗ ಕೊಳೆಯುತ್ತದೆ. ಥರ್ಮಾಮೀಟರ್ ತಳದ ಹತ್ತಿರವೇ ಇರಲಿ, ಗುಂಡ ಮಲಗುವುದು ಅಲ್ಲೇ ತಾನೆ. ಬೆಳಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಎರಡರ ನಡುವೆ ಎರಡು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದ ದಿನ ಹುಡುಕಲು ಹೊರಟರೆ, ಸಾಮಾನ್ಯವಾಗಿ ಯಾರೋ ಕಿಟಕಿಯ ಪರದೆ ಸರಿಸಿರುತ್ತಾರೆ.