ಬೆಂಬಲ ಬೆಲೆಗೆ ರಾಗಿ ಮಾರಿದ ಕಥೆ: ನನ್ನ ಅನುಭವ

ಬೆಂಬಲ ಬೆಲೆ ಗಿಟ್ಟೋದು ಜನವರಿಯಲ್ಲಿ ಸರ್ಕಾರಿ ಖರೀದಿ ಕೇಂದ್ರದ ಕ್ಯೂನಲ್ಲಲ್ಲ, ರಾಗಿ ಇನ್ನೂ ಹಸಿರಾಗಿರುವಾಗ ಬೆಳೆ ಸಮೀಕ್ಷೆಗೆ ಹೊಲದ ನಡುವೆ ಮೊಬೈಲ್ ಹಿಡಿದು ನಿಂತಾಗ. ಇದನ್ನು ನಮ್ಮೂರಲ್ಲಿ ಹೇಳಿದರೆ, "ವ್ಯಾಪಾರಿ ಬಾಗಿಲಿಗೇ ಬಂದು ತೂಕ ಹಾಕಿ ಕೈಗೆ ಕಾಸು ಕೊಡ್ತಾನೆ, ನಿಂಗ್ಯಾಕಪ್ಪ ಈ ಉಸಾಬರಿ" ಅನ್ನೋರು. 2024-25ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಅರಸೀಕೆರೆ ಸುತ್ತ ಬಾಗಿಲ ವ್ಯಾಪಾರ ಮೂರು ಸಾವಿರದ ಆಸುಪಾಸು.

ಅದರ ಹಿಂದಿನ ವರ್ಷ ಖರೀದಿ ಕೇಂದ್ರದಲ್ಲಿ ನನ್ನ ನೋಂದಣಿಯೇ ಆಗಲಿಲ್ಲ. ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇದೆ, ಪಹಣಿ ಇದೆ, ಮನೆ ತುಂಬ ರಾಗಿ ಇದೆ. ಕಂಪ್ಯೂಟರಿನಲ್ಲಿ ಮಾತ್ರ ನನ್ನ ಸರ್ವೆ ನಂಬರಿಗೆ 'ತೆಂಗು' ಅಂತ ಬಿದ್ದಿತ್ತು. ಬದುವಿನ ಮೇಲಿನ ಮರಗಳ ಫೋಟೊ ರಸ್ತೆಯಿಂದಲೇ ಹೊಡ್ಕೊಂಡು ಹೋಗಿದ್ದಾನೆ ಸಮೀಕ್ಷೆಗೆ ಬಂದ ಹುಡುಗ! ಆಗ 3,846 ಇತ್ತು ಬೆಲೆ. ವಿಷಯ ತಿಳಿದ ವ್ಯಾಪಾರಿ ಇನ್ನೂ ಇನ್ನೂರು ಇಳಿಸಿದ.

ಮರುವರ್ಷ ರೈತರ ಆಪ್‌ನಲ್ಲಿ ನಾನೇ ಬೆಳೆ ಸಮೀಕ್ಷೆ ಮಾಡಿದೆ. ಬದುವಿನ ಮೇಲೆ ನಿಂತರೆ ಜಿಪಿಎಸ್ ಪಕ್ಕದವರ ಹೊಲಕ್ಕೆ ಹಾರುತ್ತೆ, ನಟ್ಟನಡುವೆ ಹೋಗಿ. ತೆಂಗಿನ ಗುಂಟೆ ಬೇರೆ, ರಾಗಿಯ ಗುಂಟೆ ಬೇರೆ ಹಾಕಿ. ಆಮೇಲೆ ಬೆಳೆ ದರ್ಶಕ್ ಆಪ್‌ನಲ್ಲಿ ಏನು ದಾಖಲಾಗಿದೆ ನೋಡಿ. ತಪ್ಪಿದ್ದರೆ ಆಕ್ಷೇಪಣೆ ಆಗಲೇ ಹಾಕಬೇಕು, ಕೊಯ್ಲಾದ ಮೇಲೆ ಯಾರೂ ಕೇಳಲ್ಲ.

ಇನ್ನೊಂದು ಗಂಟು ಪೌತಿ ಖಾತೆ, ಅಂದ್ರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದು. ಒಂದು ಎಕರೆ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ವಂಶವೃಕ್ಷ, ಅಕ್ಕಂದಿರ ಸಹಿ, ಜೆರಾಕ್ಸು, ಓಡಾಟ ಅಂತ ಮೂರ್ನಾಲ್ಕು ಸಾವಿರ ಕೈ ಬಿಡ್ತು. ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆಯಲ್ಲ, ನಿಮಗೂ ಗೊತ್ತು.

ಟಾರ್ ರಸ್ತೆಯಲ್ಲಿ ಒಕ್ಕಿದ ರಾಗಿ ಕೇಂದ್ರಕ್ಕೆ ಬೇಡ. ಗುಣಮಟ್ಟ ನೋಡೋ ಗ್ರೇಡರ್ ಒಂದು ಹಿಡಿ ಅಂಗೈಗೆ ಸುರ್ಕೊಂಡು ಉಜ್ಜಿ ಊದ್ತಾನೆ. ಕಲ್ಲು ಕಂಡರೆ ಚೀಲ ಪಕ್ಕಕ್ಕೆ. ನನ್ನ ಮುಂದಿದ್ದವರ ಅರ್ಧ ಲೋಡು ವಾಪಸ್ ಹೋಯ್ತು. ನಂದು ಒಂದು ಚೀಲವೂ ಹಿಂದೆ ಬರಲಿಲ್ಲ! ಮಷಿನ್‌ನಲ್ಲಿ ಒಕ್ಕಿಸಿ, ಕಣದಲ್ಲಿ ಒಣಗಿಸಿ, ಎರಡು ಜರಡಿ ಹಿಡಿದಿದ್ದೆ. ತೇವಾಂಶ ಶೇ 12ರ ಒಳಗಿತ್ತು. ಎರಡನೇ ಜರಡಿಯ ಕಣ್ಣು ಎಷ್ಟು ಅಂತ ಕೇಳಬೇಡಿ, ಮುಂದಿನ ವರ್ಷ ಕ್ಯೂನಲ್ಲಿ ನನಗಿಂತ ಮುಂದೆ ನೀವೇ ನಿಂತಿರ್ತೀರಿ.

ನಡುವೆ ಒಂದು ಹುಚ್ಚು: ಹತ್ತು ಗುಂಟೆಗೆ ಗುಳಿ ರಾಗಿ (ಗುಳಿ ತೋಡಿ ಪೈರು ನೆಡೋದು) ಹಾಕಿದ್ದೆ, ಜಿಪಿಯು-28 ತಳಿ, ಒಂದೂವರೆ ಅಡಿಗೊಂದು ಗುಳಿ. ಪೈರಿನ ಮೇಲೆ ಕೊರಡು ಎಳೆಯುವಾಗ ಅಮ್ಮ, "ಬೆಳೆ ತುಳಿಸ್ತಿದೀಯಲ್ಲೋ" ಅಂತ ಬೈದಳು. ಮಲಗಿದ ಪೈರು ವಾರದಲ್ಲಿ ಎದ್ದು ತೆಂಡೆ (ಬುಡದಿಂದ ಮರಿ) ಒಡೆದದ್ದು ನೋಡಬೇಕಿತ್ತು. ಇಳುವರಿ ಒಂದೂವರೆ ಪಟ್ಟು ಬಂದಿರಬಹುದು, ಆದರೆ ಕೂಲಿ ಅದನ್ನೂ ನುಂಗಿತು. ಅದೂ ಅಲ್ಲದೆ ಕೇಂದ್ರದಲ್ಲಿ ತಗೊಂಡದ್ದು ಎಕರೆಗೆ ಹತ್ತು ಕ್ವಿಂಟಾಲ್ ಲೆಕ್ಕ. ಮಿಕ್ಕಿದ್ದು ಮನೆ ಮುದ್ದೆಗಾಯ್ತು.

ಎರಡು ಎಕರೆಗೆ ಇಪ್ಪತ್ತು ಕ್ವಿಂಟಾಲ್ ಕೇಂದ್ರಕ್ಕೆ ಬಿಟ್ಟೆ. ದುಡ್ಡು ಬಂದದ್ದು ಯುಗಾದಿ ಕಳೆದ ಮೇಲೆ, ಅದೂ ನಾನು ಮರೆತೇಬಿಟ್ಟಿದ್ದ, ಆಧಾರ್ ಜೋಡಿಸಿದ್ದ ಹಳೇ ಪಾಸ್‌ಬುಕ್ಕಿಗೆ. ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ, ಊಟ ಕಳೆದರೂ ವ್ಯಾಪಾರಿಗೆ ಹಾಕೋದಕ್ಕಿಂತ ಇಪ್ಪತ್ತು ಸಾವಿರದಷ್ಟು ಹೆಚ್ಚೇ ಸಿಕ್ತು. 2025-26ಕ್ಕೆ ಬೆಲೆ 4,886 ಮಾಡಿದ್ರು. ಪಕ್ಕದ ಹೊಲದ ಅಣ್ಣನ ಸಮೀಕ್ಷೆಯನ್ನೂ ಆ ಸಲ ನಾನೇ ಮಾಡಿಕೊಟ್ಟೆ, ಟ್ರ್ಯಾಕ್ಟರ್ ಬಾಡಿಗೆ ಅರ್ಧ ಅವನದು ಅನ್ನೋ ಮಾತಿನ ಮೇಲೆ.