ಆಫ್ರಿಕಾದ ಗೇರುಬೀಜ ಪಣಂಬೂರಿಗೆ ಬರುವಷ್ಟರಲ್ಲಿ

ಒಂದು ಕಿಲೋ ಗೇರುಬೀಜದಲ್ಲಿ 17 ಗ್ರಾಂ ತಿರುಳು ಕಡಿಮೆ ಬಂತು. ಅಷ್ಟೇ. ಅದಕ್ಕೆ ನಮ್ಮ ಫ್ಯಾಕ್ಟರಿ ಕಳೆದುಕೊಂಡದ್ದು ಐದು ಸಾವಿರ ಡಾಲರಿಗಿಂತ ಜಾಸ್ತಿ.

ನಾನು ಮಂಗಳೂರಿನ ಹತ್ತಿರದ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಖರೀದಿ, ಶಿಪ್ಪಿಂಗ್ ಎರಡನ್ನೂ ನೋಡಿಕೊಳ್ಳುತ್ತೇನೆ. ನಮ್ಮ ಗುಡ್ಡಗಳಲ್ಲಿ ಇಷ್ಟೊಂದು ಗೇರುಮರ ಇರುವಾಗ ಆಫ್ರಿಕಾದಿಂದ ಯಾಕೆ ತರಿಸ್ತೀರಿ ಎಂದು ನೆಂಟರು ಈಗಲೂ ಕೇಳುತ್ತಾರೆ. ಊರಿನ ಬೀಜ ನಮಗೆ ವರ್ಷದಲ್ಲಿ ಕೆಲವೇ ತಿಂಗಳಿಗೆ ಸಾಕಾಗುತ್ತದೆ, ಮಾರಾಯ್ರೆ. ಉಳಿದ ತಿಂಗಳು ಫ್ಯಾಕ್ಟರಿ ನಡೆಯಬೇಕಾದರೆ ಐವರಿ ಕೋಸ್ಟ್, ಟಾಂಜಾನಿಯಾ, ಗಿನಿ ಬಿಸ್ಸಾವು ಅಂತ ಹೋಗಲೇಬೇಕು.

ಗೇರುಬೀಜದ ವ್ಯಾಪಾರದಲ್ಲಿ ಟನ್ನಿನ ರೇಟು ಅರ್ಧ ಮಾತು ಮಾತ್ರ. ಉಳಿದರ್ಧ 'ಔಟ್‌ಟರ್ನ್'. 80 ಕಿಲೋ ಚಿಪ್ಪು ಬಿಡಿಸದ ಬೀಜದಲ್ಲಿ ಎಷ್ಟು ಪೌಂಡ್ ಒಳ್ಳೆಯ ತಿರುಳು ಸಿಗುತ್ತದೆ ಅನ್ನುವ ಲೆಕ್ಕ ಅದು. ಚೀಲಗಳಿಂದ ಸ್ಯಾಂಪಲ್ ತೆಗೆದು ಒಂದು ಕಿಲೋ ತೂಗಿ, ಒಂದೊಂದೇ ಬೀಜ ಕತ್ತರಿಸಿ, ಒಳ್ಳೆಯದು, ಕಲೆ ಬಿದ್ದದ್ದು, ಕೊಳೆತದ್ದು ಅಂತ ಬೇರೆ ಮಾಡುತ್ತೇವೆ. ಕಲೆ ಬಿದ್ದದ್ದಕ್ಕೆ ಅರ್ಧ ತೂಕ, ಕೊಳೆತದ್ದಕ್ಕೆ ಸೊನ್ನೆ. ಬಂದ ಗ್ರಾಂಗಳನ್ನು 0.1764ರಿಂದ ಗುಣಿಸಿದರೆ ಪೌಂಡ್ ಸಿಗುತ್ತದೆ.

ಆ ವರ್ಷ ಐವರಿ ಕೋಸ್ಟ್‌ನಿಂದ ನಾಲ್ಕು ಕಂಟೇನರ್ ತರಿಸಿದ್ದೆ. ಇಪ್ಪತ್ತು ಅಡಿಯ ಒಂದು ಕಂಟೇನರಿಗೆ 16 ಟನ್, ಒಟ್ಟು 64. ಟನ್ನಿಗೆ 1,300 ಡಾಲರ್, ಔಟ್‌ಟರ್ನ್ 47. ರೇಟಿಗೆ ಚೌಕಾಸಿ ಮಾಡಿ ಹದಿನೈದು ಡಾಲರ್ ಇಳಿಸಿದ್ದೆ, ಅದರದ್ದೇ ಜಂಬ. ಅಲ್ಲಿನ ಆಬಿಜಾನ್ ಬಂದರಿನಲ್ಲಿ ಲೋಡ್ ಮಾಡುವಾಗ ತಪಾಸಣೆಯವರು ಕೊಟ್ಟ ಸರ್ಟಿಫಿಕೇಟಿನಲ್ಲೂ 47 ಅಂತಲೇ ಇತ್ತು.

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿಸಿ ಗೋದಾಮಿಗೆ ತಂದು ಬಾಗಿಲು ತೆಗೆದಾಗಲೇ ನನಗೆ ಅನುಮಾನ ಬಂತು. ಮೇಲಿನ ಸಾಲಿನ ಚೀಲಗಳು ಮುಟ್ಟಿದರೆ ತಣ್ಣಗೆ. ನಮ್ಮಲ್ಲಿ ಕಟ್ಟಿಂಗ್ ಟೆಸ್ಟ್ ಮಾಡುವ ಅಕ್ಕ ಒಬ್ಬರಿದ್ದಾರೆ, ಈ ಕೆಲಸದಲ್ಲಿ ನನ್ನ ವಯಸ್ಸಿಗಿಂತ ಅವರ ಅನುಭವ ಜಾಸ್ತಿ. ಒಂದು ಹಿಡಿ ಬೀಜ ತೆಗೆದುಕೊಂಡು ಮೂಸಿ ನೋಡಿ, "ಇದು ನೀರು ಕುಡಿದ ಬೀಜ" ಅಂದರು. ಕತ್ತರಿಸಿ ತೂಗಿದರೆ 44. ಅಂದರೆ ಕಿಲೋಗೆ 266 ಗ್ರಾಂ ಬರಬೇಕಾದಲ್ಲಿ 249.

ಇದು ದಾರಿಯಲ್ಲಿ ಆದದ್ದು. ಸರಿಯಾಗಿ ಒಣಗಿಸದೆ ತುಂಬಿದ ಬೀಜದೊಳಗೆ ತೇವ ಇರುತ್ತದೆ. ಆಬಿಜಾನ್‌ನ ಸೆಕೆಯಲ್ಲಿ ಮುಚ್ಚಿದ ಪೆಟ್ಟಿಗೆ ಆಫ್ರಿಕಾದ ತುದಿ ಸುತ್ತಿ ಬರುತ್ತದೆ. ಜೂನ್, ಜುಲೈ ಅಲ್ಲಿ ಚಳಿಗಾಲ. ಕಬ್ಬಿಣದ ಚಾವಣಿ ತಣ್ಣಗಾಗಿ ಒಳಗಿನ ತೇವ ಅದಕ್ಕೆ ಹನಿಗಟ್ಟಿ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಕಂಟೇನರ್ ಬೆವರುವುದು ಅಂತ ನಾವು ಹೇಳುವುದು ಇದಕ್ಕೇ. ಬೂಸಲು ಬರಲು ಮತ್ತೇನು ಬೇಕು?

ಮಾರಿದವನಿಗೆ ಫೋಟೊ ಸಮೇತ ಕ್ಲೇಮ್ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: ಕರಾರಿನ ಕೊನೆಯ ಪುಟ ನೋಡಿ. ನೋಡಿದೆ. 'ಲೋಡಿಂಗ್ ಬಂದರಿನ ಔಟ್‌ಟರ್ನ್ ಅಂತಿಮ'. ಸಹಿ ನನ್ನದೇ. ರೇಟಿನ ಸಾಲನ್ನು ಹತ್ತು ಸಲ ಓದಿದವನು ಆ ಸಾಲನ್ನು ಓದಿರಲಿಲ್ಲ. ಪೌಂಡಿಗೆ ಸುಮಾರು 27 ಡಾಲರ್ ಅರವತ್ತು ಸೆಂಟಿನಂತೆ ಮೂರು ಪೌಂಡ್, ಅದನ್ನು 64 ಟನ್ನಿಗೆ ಹಾಕಿ. ನಾನು ಚೌಕಾಸಿ ಮಾಡಿ ಉಳಿಸಿದ್ದು ಸಾವಿರ ಡಾಲರಿಗೂ ಕಡಿಮೆ. ಧಣಿಗಳು ಬೈಯಲಿಲ್ಲ, ಆದರೆ ಒಂದು ವಾರ ನನ್ನ ಹತ್ತಿರ ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ನನ್ನ ಕರಾರಿನಲ್ಲಿ ಮಂಗಳೂರಿನ ಔಟ್‌ಟರ್ನೇ ಅಂತಿಮ. ಅದಕ್ಕೆ ಒಪ್ಪದವನಿಂದ ರೇಟು ಕಡಿಮೆ ಇದ್ದರೂ ತೆಗೆದುಕೊಳ್ಳುವುದಿಲ್ಲ. 45ಕ್ಕಿಂತ ಕೆಳಗಿಳಿದರೆ ಮಾಲು ತಿರಸ್ಕರಿಸುವ ಹಕ್ಕೂ ಬರೆಸುತ್ತೇನೆ, ಆದರೆ ಸತ್ಯ ಹೇಳಬೇಕೆಂದರೆ ಆ ಹಕ್ಕು ಸುಮ್ನೆ ಹೆದರಿಸಲಿಕ್ಕೆ ಮಾತ್ರ, ಯಾಕೆಂದರೆ ಕಾಗದಪತ್ರ ಬ್ಯಾಂಕಿಗೆ ಬಂದ ದಿನವೇ 98% ದುಡ್ಡು ಕಟ್ಟಿ ಬಿಡಿಸಿಕೊಂಡಿರುತ್ತೇವೆ, ಆಮೇಲೆ ತಿರಸ್ಕರಿಸಿ ಆ ಬೀಜವನ್ನು ವಾಪಸು ಕಳಿಸುವುದು ಯಾರ ಖರ್ಚಿನಲ್ಲಿ? ಕೈಯಲ್ಲಿ ಉಳಿಯುವ 2% ಮೂರು ಪೌಂಡಿನ ನಷ್ಟಕ್ಕೆ ಸಾಲುವುದೇ ಇಲ್ಲ. ಈಗ 5% ಹಿಡಿದಿಟ್ಟುಕೊಳ್ಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಫೋನ್ ಇಡುತ್ತಾರೆ. ಕಂಟೇನರಿನ ಒಳಗೆ ಕ್ರಾಫ್ಟ್ ಕಾಗದ ಹೊದಿಸಿ ತೇವ ಹೀರುವ ಚೀಲ ತೂಗುಹಾಕಿದ ಫೋಟೊ ಬರದೆ ಬಾಗಿಲು ಹಾಕಬೇಡಿ ಅಂತಲೂ ಹೇಳಿದ್ದೇನೆ.

ಟಾಂಜಾನಿಯಾದ ಕತೆಯೇ ಬೇರೆ. ಅಲ್ಲಿ ಕೊಯ್ಲು ಅಕ್ಟೋಬರ್‌ನಿಂದ. ಬೀಜ ನಮಗೆ ಬರುವುದು ಡಿಸೆಂಬರ್, ಜನವರಿಯಲ್ಲಿ, ಅಂಗಳದಲ್ಲಿ ಹರವಿದರೆ ಒಣಗುವ ಬಿಸಿಲಿನಲ್ಲಿ. ಪಶ್ಚಿಮ ಆಫ್ರಿಕಾದ ಬೀಜ ತಡವಾದರೆ ನಮ್ಮ ಮಳೆಗೆ ಸಿಕ್ಕಿಕೊಳ್ಳುತ್ತದೆ. ದಕ್ಷಿಣ ಕನ್ನಡದ ಜುಲೈನಲ್ಲಿ ಬೀಜ ಒಣಗಿಸಿ ನೋಡಿ, ಗೊತ್ತಾಗುತ್ತದೆ. ಟಾಂಜಾನಿಯಾದಲ್ಲಿ ಇನ್ನೊಂದು ಲಾಭವೂ ಇದೆ. ಅದು ತೀರಾ ಹಿಂದುಳಿದ ದೇಶಗಳ ಪಟ್ಟಿಯಲ್ಲಿದೆ, ಆ ದೇಶಗಳಿಗೆ ಭಾರತ 2008ರಲ್ಲಿ ಪ್ರಕಟಿಸಿದ ಸುಂಕ ರಿಯಾಯಿತಿ ಇದೆ. ಐವರಿ ಕೋಸ್ಟ್, ಘಾನಾ ಆ ಪಟ್ಟಿಯಲ್ಲಿಲ್ಲ. ಅಲ್ಲಿಂದ ತಂದರೆ 2.5% ಸುಂಕ ಕಟ್ಟಬೇಕು. 2018ರ ಬಜೆಟ್ಟಿಗೆ ಮುಂಚೆ ಅದು 5% ಇತ್ತು.

ಈ ರಿಯಾಯಿತಿ ಪೂರ್ತಿ ನಿಂತಿರುವುದು ಒಂದು ಕಾಗದದ ಮೇಲೆ, ಮೂಲ ದೇಶದ ಸರ್ಟಿಫಿಕೇಟು. ಒಂದು ಸಲ ಹಡಗು ಕಂಪನಿ ಕೊಡುವ ರಸೀದಿ, ಬಿಲ್ ಆಫ್ ಲೇಡಿಂಗ್‌ನಲ್ಲಿ 800 ಚೀಲ, ಸರ್ಟಿಫಿಕೇಟಿನಲ್ಲಿ 798. ಟೈಪ್ ಮಾಡಿದವನ ಕೈತಪ್ಪು. ಕಸ್ಟಮ್ಸ್‌ನವರು ಒಪ್ಪಲಿಲ್ಲ, ಅವರದು ತಪ್ಪು ಅಂತ ಹೇಳಲಾರೆ. 2020ರ ಸೆಪ್ಟೆಂಬರ್‌ನಿಂದ ನಿಯಮ ಇನ್ನೂ ಬಿಗಿ, ಮಾಲು ನಿಜವಾಗಿ ಆ ದೇಶದ್ದೇ ಅನ್ನುವ ವಿವರ ತರಿಸುವ ನಮ್ಮ ಹತ್ತಿರವೂ ಇರಬೇಕು. ತಿದ್ದಿದ ಪ್ರತಿ ಕೊರಿಯರ್‌ನಲ್ಲಿ ಬರುವವರೆಗೆ ಕಂಟೇನರ್‌ಗಳು ಬಂದರಿನಲ್ಲೇ ಕೂತವು, ಉಚಿತ ದಿನಗಳು ಮುಗಿದವು, ಆಮೇಲೆ ದಿನದ ಲೆಕ್ಕದಲ್ಲಿ ಡೆಮರೇಜ್ ಅನ್ನುವ ದಂಡ. ಈಗ ಹಡಗು ಬಿಡುವ ಮೊದಲೇ ಎಲ್ಲ ಕಾಗದದ ಡ್ರಾಫ್ಟ್ ವಾಟ್ಸಾಪ್‌ನಲ್ಲಿ ತರಿಸಿಕೊಂಡು, ಹುಳ ಸಾಯಿಸಲು ಹೊಗೆ ಹಾಕಿದ್ದಕ್ಕೆ ಕೊಡುವ ಫ್ಯೂಮಿಗೇಷನ್ ಸರ್ಟಿಫಿಕೇಟೂ ಸೇರಿ, ನಾನು ಮತ್ತು ಕಸ್ಟಮ್ಸ್ ಕೆಲಸ ಮಾಡಿಸುವ ಕ್ಲಿಯರಿಂಗ್ ಏಜೆಂಟ್ ಇಬ್ಬರೂ ಗಟ್ಟಿಯಾಗಿ ಓದುತ್ತೇವೆ. ಹುಡುಗರು ನಗುತ್ತಾರೆ. ನಗಲಿ.

ಕಾಗದ ಸರಿಯಿದ್ದರೂ ರಾಜಕೀಯ ನಮ್ಮ ಕೈಯಲ್ಲಿಲ್ಲ. 2018ರ ಕೊನೆಗೆ ಟಾಂಜಾನಿಯಾದ ರೈತರು ಹರಾಜಿನಲ್ಲಿ ಬಂದ ಬೆಲೆ ಸಾಲದು ಅಂತ ಬೀಜ ಕೊಡಲಿಲ್ಲ. ಅಧ್ಯಕ್ಷ ಮಗುಫುಲಿ ನವೆಂಬರ್‌ನಲ್ಲಿ ಸೈನ್ಯವನ್ನೇ ಇಳಿಸಿ ಕಿಲೋಗೆ 3,300 ಶಿಲ್ಲಿಂಗ್‌ನಂತೆ ಸರ್ಕಾರವೇ ಕೊಳ್ಳುವ ಹಾಗೆ ಮಾಡಿದರು. ನಾವು ಜನವರಿಗೆ ಅಂತ ಆ ಬೀಜವನ್ನೇ ನಂಬಿ ಕೂತಿದ್ದೆವು. ಕೊನೆಗೆ ಇಂಡೋನೇಷ್ಯಾದ ಬೀಜಕ್ಕೆ ಓಡಿದೆವು, ಓಡಿದವರು ನಾವೊಬ್ಬರೇ ಅಲ್ಲವಲ್ಲ, ರೇಟು ಕೇಳಬೇಡಿ. ಅಂದಿನಿಂದ ಒಂದೇ ದೇಶವನ್ನು ನಂಬಿ ಹಂಗಾಮು ಹಾಕಿಕೊಂಡಿಲ್ಲ.

ತಿರುಳು ಕಳಿಸುವ ಕಡೆ ನನ್ನ ಅನುಭವ ಕಡಿಮೆ, ಯಾಕೆಂದರೆ ನಮ್ಮ ಮಾಲು ಹೆಚ್ಚಿನದು ದೇಶದೊಳಗೇ ಖರ್ಚಾಗುತ್ತದೆ, ದೀಪಾವಳಿಗೆ ಮುಂಚೆಯಂತೂ ಹೊರಗೆ ಕೊಡಲು ಮನಸ್ಸೂ ಬರುವುದಿಲ್ಲ. ಆದರೂ ಒಂದು ಪೆಟ್ಟು ತಿಂದಿದ್ದೇನೆ. 2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದಾಗ ನನ್ನದು ಯುರೋಪಿನ ರಾಟರ್‌ಡ್ಯಾಮ್‌ಗೆ 700 ಪೆಟ್ಟಿಗೆ ಡಬ್ಲ್ಯೂ 320 ದರ್ಜೆಯ ಇಡೀ ತಿರುಳು ಹೋಗಬೇಕಿತ್ತು. ಒಂದು ಪೆಟ್ಟಿಗೆ 22.68 ಕಿಲೋ. ಮಾರಿದ್ದು ಸಿಐಎಫ್ ಲೆಕ್ಕದಲ್ಲಿ, ಅಂದರೆ ಹಡಗಿನ ಬಾಡಿಗೆ, ವಿಮೆ ಎರಡೂ ನಮ್ಮ ತಲೆಗೆ. ಹಡಗಿಗೆ ಹತ್ತಿಸುವವರೆಗೆ ಮಾತ್ರ ನಮ್ಮ ಜವಾಬ್ದಾರಿ ಅನ್ನುವ ಎಫ್‌ಒಬಿ ಆಗಿದ್ದರೆ ಬಾಡಿಗೆಯ ಚಿಂತೆ ಮಾಲು ಕೊಂಡವನ ಪಾಡಾಗಿತ್ತು. ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋಗಬೇಕಾಯಿತು, ಹತ್ತು ಹದಿನಾಲ್ಕು ದಿನ ಜಾಸ್ತಿ, ಬಾಡಿಗೆಯ ಮೇಲೆ ಹೊಸ ಹೊಸ ಸರ್‌ಚಾರ್ಜ್. ಲಾಭ ಅಲ್ಲಿಗೇ ಹೋಯಿತು. ತಮಾಷೆ ಅಂದರೆ ಆಬಿಜಾನ್‌ನಿಂದ ನಾನು ಬುಕ್ ಮಾಡುತ್ತಿದ್ದ ಹಡಗುಗಳು ಮೊದಲಿಂದಲೂ ಆ ತುದಿ ಸುತ್ತಿಯೇ ಬರುತ್ತಿದ್ದವು, ಅವಕ್ಕೆ ಸೂಯೆಜ್ ಮುಚ್ಚಿದರೂ ಒಂದೇ, ತೆರೆದರೂ ಒಂದೇ. ದುಬೈ ಕಡೆಯ ಮಾಲಿಗೂ ಕೆಂಪು ಸಮುದ್ರದ ಹಂಗಿಲ್ಲ, ಅಲ್ಲಿನ ಜೆಬೆಲ್ ಅಲಿ ಬಂದರು ಈಚೆಯೇ ಇದೆ. ಯುರೋಪಿಗೆ ಈಗ ಎಫ್‌ಒಬಿ ಬಿಟ್ಟು ಮಾತಾಡುವುದಿಲ್ಲ.

ಇದನ್ನು ಬರೆಯುವಾಗ ನನ್ನ ಆರು ಕಂಟೇನರ್ ಕೊಲಂಬೊದಲ್ಲಿ ಮಂಗಳೂರಿಗೆ ತರುವ ಚಿಕ್ಕ ಫೀಡರ್ ಹಡಗಿಗೆ ಕಾಯುತ್ತಿವೆ. ಟ್ರ್ಯಾಕಿಂಗ್‌ನಲ್ಲಿ ಐದು ದಿನದಿಂದ ಅದೇ ಒಂದು ಸಾಲು. ಬೆಳಿಗ್ಗೆ ಅಕ್ಕ ಆಫೀಸಿನ ಬಾಗಿಲಲ್ಲಿ ನಿಂತು, "ಮಳೆ ಹಿಡಿಯುವ ಮೊದಲು ಬರ್ತದಾ?" ಅಂತ ಕೇಳಿದರು. ಬರ್ತದೆ ಅಂದೆ. ಅವರು ಆಕಾಶ ನೋಡಿ, ಅಂಗಳದಲ್ಲಿ ಹರವಿದ್ದ ಊರಿನ ಬೀಜದ ಪಕ್ಕಕ್ಕೆ ಟಾರ್ಪಾಲು ತಂದಿಡಲು ಹುಡುಗರಿಗೆ ಹೇಳಿ ಹೋದರು.