ಬೀದಿ ನಾಯಿಗಳಿಗೆ ಬೆರಳು ತೋರಿಸಿದ ದಿನಗಳು

ನಾಯಿಗೆ ಬುದ್ಧಿ ಇದೆಯಾ ಅಂತ ಕೇಳಿದರೆ ನಾಯಿ ಸಾಕಿದವರು ನಗುತ್ತಾರೆ. ಇದೆ, ಅದರಲ್ಲೇನು ಕೇಳೋದು! ನಾನೂ ಹಾಗೇ ಅಂದುಕೊಂಡಿದ್ದೆ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಅದನ್ನೇ ವಿಷಯ ಮಾಡಿಕೊಂಡ ಮೇಲೆ ಗೊತ್ತಾಯಿತು, ಇದೆ ಅಂತ ಹೇಳೋದು ಸುಲಭ, ತೋರಿಸೋದು ಬಹಳ ಕಷ್ಟ.

ನನ್ನ ಪ್ರಶ್ನೆ ಚಿಕ್ಕದು. ಮನುಷ್ಯ ಬೆರಳು ಮಾಡಿ ತೋರಿಸಿದರೆ ಬೀದಿ ನಾಯಿಗೆ ಅರ್ಥ ಆಗುತ್ತದಾ? ಸಾಕುನಾಯಿಗಳಿಗೆ ಆಗುತ್ತದೆ ಅನ್ನೋದು ಹಳೆಯ ಮಾತು. 2002ರಲ್ಲಿ ಬ್ರಯಾನ್ ಹೇರ್ ಮತ್ತು ಜೊತೆಗಾರರು ನಾಯಿ, ತೋಳ, ಚಿಂಪಾಂಜಿಗಳನ್ನು ಹೋಲಿಸಿ ನೋಡಿದಾಗ ಮನುಷ್ಯರ ಸನ್ನೆ ಹಿಡಿಯುವುದರಲ್ಲಿ ನಾಯಿಯೇ ಮುಂದಿತ್ತು. ಆದರೆ ನಮ್ಮ ಮೈಸೂರಿನ ಬೀದಿಯಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಯಾರ ಮನೆಯ ಅನ್ನಕ್ಕೂ ಕಟ್ಟಿಬೀಳದ ನಾಯಿಗೆ ಇದನ್ನು ಯಾರೂ ಕೂರಿಸಿ ಕಲಿಸಿಲ್ಲ, ಅಲ್ವಾ? ಅದಕ್ಕೇ ನನಗೆ ಆಸೆ.

ಎರಡು ಬಟ್ಟಲು, ಎರಡು ರಟ್ಟಿನ ಮುಚ್ಚಳ, ಕೋಳಿ ಮಾಂಸ. ಸಾಮಾನು ಅಷ್ಟೇ. ಒಂದು ಬಟ್ಟಲಲ್ಲಿ ಹಸಿ ಕೋಳಿ ತುಂಡು ಇಡಬೇಕು. ಇನ್ನೊಂದು ಖಾಲಿ, ಆದರೆ ಅದಕ್ಕೂ ಒಳಗೆಲ್ಲ ಅದೇ ಮಾಂಸ ಚೆನ್ನಾಗಿ ಸವರಬೇಕು. ಇಲ್ಲದಿದ್ದರೆ ನಾಯಿಯ ಮೂಗೇ ಉತ್ತರ ಹೇಳಿಬಿಡುತ್ತದೆ, ಅದಕ್ಕೆ ನನ್ನ ಬೆರಳು ಯಾಕೆ ಬೇಕು? ಎಡವೋ ಬಲವೋ ಅನ್ನೋದನ್ನು ಮನಸ್ಸಿಗೆ ಬಂದ ಹಾಗೆ ಆರಿಸಬಾರದು. ಒಂದು ಎಡ, ಒಂದು ಬಲ ಅಂತ ಕೈ ತಾನಾಗಿ ಓಡುತ್ತದೆ, ನಾಯಿ ಆ ಲೆಕ್ಕ ಹಿಡಿದುಬಿಟ್ಟರೂ ಹಿಡಿಯಿತು. ಆರು ಎಡ, ಆರು ಬಲ ಅಂತ ಚೀಟಿ ಬರೆದು ಡಬ್ಬಿಯಿಂದ ಒಂದೊಂದೇ ಎತ್ತುತ್ತಿದ್ದೆವು. ಎರಡೂ ಕಡೆ ಸಮ ಇಟ್ಟಿದ್ದಕ್ಕೆ ಕಾರಣ ಇದೆ. ಕೆಲವು ನಾಯಿಗಳು ಏನೇ ಆದರೂ ಎಡಕ್ಕೇ ಹೋಗುತ್ತವೆ. ಎಡದಲ್ಲೇ ಜಾಸ್ತಿ ಸಲ ಮಾಂಸ ಇಟ್ಟರೆ ಅಂಥ ನಾಯಿ ಸುಮ್ನೆ ಜಾಣ ಅನ್ನಿಸಿಕೊಳ್ಳುತ್ತದೆ.

ಬೆರಳು ತೋರಿಸದೆ ನಿಲ್ಲುವ ಸರದಿಯೂ ಇತ್ತು. ಕೈಕಟ್ಟಿ ನಿಲ್ಲೋದು, ಏನೂ ಹೇಳದೆ. ಆಗ ನಾಯಿ ಅರ್ಧ ಸಲ ಮಾತ್ರ ಸರಿ ಹೋಗಬೇಕು. ಮೊದಲ ವಾರ ಅದು ಅದಕ್ಕಿಂತ ಜಾಸ್ತಿ ಸಲ ಸರಿ ಹೋಗುತ್ತಿತ್ತು. ವಾಸನೆ ಇರಬೇಕು ಅಂತ ಬಟ್ಟಲನ್ನು ಇನ್ನಷ್ಟು ಉಜ್ಜಿದೆ. ಬದಲಾಗಲಿಲ್ಲ. ಕೊನೆಗೆ ಗೆಳತಿ ವಿಡಿಯೋವನ್ನು ನಿಧಾನವಾಗಿ ಓಡಿಸಿ, "ನಿನ್ನ ಕಣ್ಣು ನೋಡು ಕಣೋ" ಅಂದಳು. ನಾಯಿ ಹೆಜ್ಜೆ ಎತ್ತುವ ಮುಂಚೆಯೇ ನನ್ನ ಕಣ್ಣು ಮಾಂಸದ ಬಟ್ಟಲ ಕಡೆ ಒಮ್ಮೆ ಹೋಗಿ ಬರುತ್ತಿತ್ತು. ಪ್ರತಿ ಸಲವೂ.

ಇದು ನೂರು ವರ್ಷಕ್ಕೂ ಹಳೆಯ ಗುಂಡಿ. ಬರ್ಲಿನ್‌ನಲ್ಲಿ ಹಾನ್ಸ್ ಅಂತ ಒಂದು ಕುದುರೆ ಇತ್ತು, ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಕೊಡುತ್ತಿತ್ತು. ಅದರ ಯಜಮಾನ ಫಾನ್ ಓಸ್ಟನ್ ಮೋಸಗಾರನಲ್ಲ, ನಿಜವಾಗಿ ನಂಬಿದ್ದ. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪರೀಕ್ಷೆ ಮಾಡಿ ನೋಡಿದ. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳುವವನ ತಲೆ ತನಗೇ ಗೊತ್ತಿಲ್ಲದೆ ಒಂಚೂರು ಅಲುಗುತ್ತಿತ್ತು, ಹಾನ್ಸ್ ಅದನ್ನು ಕಂಡು ಗೊರಸು ನಿಲ್ಲಿಸುತ್ತಿತ್ತು. ಲೆಕ್ಕ ಬರದಿದ್ದರೂ ಮನುಷ್ಯನನ್ನು ಅಷ್ಟು ಸೂಕ್ಷ್ಮವಾಗಿ ಓದುವುದೂ ಸಣ್ಣ ಬುದ್ಧಿಯಲ್ಲ ಅಂತ ನನ್ನ ಭಾವನೆ. ಆದರೆ ಅದು ಬೇರೆ ಪ್ರಶ್ನೆಯ ಉತ್ತರ.

ಆ ವಾರದ ಅಷ್ಟೂ ದಾಖಲೆ ಬಿಟ್ಟುಬಿಟ್ಟೆ. ಹೊಟ್ಟೆ ಉರಿಯಿತು, ಬೆಳಗ್ಗೆ ಐದೂವರೆಗೆ ಎದ್ದು ಮಾಡಿದ ಕೆಲಸ. ಆಮೇಲೆ ಗೆಳತಿ ಚೀಟಿ ಎತ್ತಿ ಬಟ್ಟಲು ತುಂಬುವಾಗ ನಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಕೈಕಟ್ಟುವ ಸರದಿಯಲ್ಲಿ ಮಾಂಸ ಎಲ್ಲಿದೆ ಅಂತ ನನಗೇ ಗೊತ್ತಿರುತ್ತಿರಲಿಲ್ಲ. ಅವಳು ನಾಯಿಯ ಹಿಂದೆ ಹೋಗಿ ನಿಲ್ಲುತ್ತಿದ್ದಳು, ನಾಯಿಗೆ ಅವಳ ಮುಖವೂ ಕಾಣದ ಹಾಗೆ. ಕಪ್ಪು ಕನ್ನಡಕ ಹಾಕಿಯೂ ನೋಡಿದೆ, ನಾಯಿಗಳು ಹಿಂದೆ ಸರಿದವು, ತೆಗೆದುಬಿಟ್ಟೆ. ಬಟ್ಟಲುಗಳ ನಡುವೆ ಒಂದು ಕಲ್ಲು ಇಟ್ಟು ಅದನ್ನೇ ನೋಡುವುದು ಅಭ್ಯಾಸವಾಯಿತು. ಕೈಕಟ್ಟಿದಾಗ ಸರಿ ಹೋಗೋದು ಅರ್ಧಕ್ಕೆ ಇಳಿಯಿತು. ಆ ದಿನ ನನಗಾದ ಸಮಾಧಾನ ಹೇಳತೀರದು.

ಕೆಂಚ ಅಂತ ನಾವು ಕರೆಯುತ್ತಿದ್ದ ಒಂದು ನಾಯಿ ಟೀ ಅಂಗಡಿ ಮುಂದೆ ಇರುತ್ತಿತ್ತು. ಬೆರಳು ಒಂದೇ ಕ್ಷಣ ತೋರಿಸಿ ಕೈ ಇಳಿಸುವ ಸರದಿ, ನಾಯಿ ಹೊರಡುವಾಗ ಕೈ ಪಕ್ಕದಲ್ಲಿ ಜೋತಾಡುತ್ತಿರುತ್ತದೆ, ಅಂದರೆ ಅದು ನೆನಪಿಟ್ಟುಕೊಂಡು ಹೋಗಬೇಕು. ಕೆಂಚ ಕೈ ನೋಡಿತು. ಬಟ್ಟಲು ನೋಡಿತು. ಆಮೇಲೆ ಕತ್ತು ವಾರೆ ಮಾಡಿ ನನ್ನ ಮುಖ ನೋಡಿತು, ಒಂದು ಕಿವಿ ಮಾತ್ರ ನೆಟ್ಟಗೆ. ನಾನು ಕಲ್ಲು ನೋಡುತ್ತಾ ಉಸಿರು ಹಿಡಿದಿದ್ದೆ. ನೇರ ಹೋಗಿ ಮುಚ್ಚಳವನ್ನು ಮೂತಿಯಿಂದ ತಳ್ಳಿತು. ಅಂಗಡಿಯ ಅಕ್ಕ, "ಅದಕ್ಕೆ ನಾವು ಮಾತಾಡೋದೂ ಗೊತ್ತಾಗತ್ತಪ್ಪ, ನೀನು ಬೆರಳು ತೋರಿಸ್ತಾ ಕೂತಿದೀಯ" ಅಂದರು.

ಕೆಂಚ 12ರಲ್ಲಿ 10 ಸಲ ಸರಿ. ಬರೀ ಅದೃಷ್ಟದಿಂದ 10 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ 100ಕ್ಕೆ ಸುಮಾರು 2. ಒಂದೇ ಒಂದು ಕಡಿಮೆಯಾಗಿ 9ಕ್ಕೆ ಇಳಿದರೆ ಅದೇ ಸಾಧ್ಯತೆ 100ಕ್ಕೆ 7 ಆಗುತ್ತದೆ. ಅದಕ್ಕೇ ಒಂದು ನಾಯಿಯ ಎರಡು ದಿನದ ಕೆಲಸ ನೋಡಿ ಯಾರೂ ಏನೂ ಹೇಳಬಾರದು.

ಇನ್ನು ಹತ್ತಿರವೇ ಬಾರದ ನಾಯಿಗಳು. ಇವುಗಳ ಬಗ್ಗೆ ನನಗೆ ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅನಿಂದಿತಾ ಭದ್ರ ಅವರ ತಂಡ ಭಾರತದ ಬೇರೆ ಬೇರೆ ಊರುಗಳ 160 ಬೀದಿ ನಾಯಿಗಳ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಕೆಲಸ ಓದಿದೆ. ಅಲ್ಲೂ ಸುಮಾರು ಅರ್ಧ ನಾಯಿಗಳು ಬಟ್ಟಲ ಹತ್ತಿರ ಬಂದಿರಲಿಲ್ಲ. ಬಂದವುಗಳಲ್ಲಿ 80 ಶೇಕಡಾದಷ್ಟು ಬೆರಳು ತೋರಿಸಿದ ಕಡೆಗೇ ಹೋಗಿದ್ದವು. ಬಾರದವುಗಳಲ್ಲಿ ಅಂಜಿಕೆ ಹೆಚ್ಚು ಕಂಡಿತ್ತು. ಕಲ್ಲೇಟು ತಿಂದ ನಾಯಿಗೆ ಮನುಷ್ಯ ಕೈ ಎತ್ತಿದರೆ ಏನು ಅನ್ನಿಸಬೇಕು ಹೇಳಿ.

ಅವತ್ತಿನಿಂದ ನನ್ನ ಪಟ್ಟಿಯಲ್ಲಿ ಸರಿ, ತಪ್ಪು ಅಲ್ಲದೆ ಮೂರನೇ ಮನೆ ಹಾಕಿದೆ: "ಬರಲಿಲ್ಲ". ಹಾಲಿನ ಬೂತ್ ಹತ್ತಿರದ ಒಂದು ಬಿಳಿ ಹೆಣ್ಣು ನಾಯಿಯ ಸಾಲು ತುಂಬಾ ಅದೇ ಇದೆ. ಕೊನೆಯ ದಿನ ಎರಡೂ ಬಟ್ಟಲಿಗೆ ಮಾಂಸ ಹಾಕಿ, ಮುಚ್ಚಳ ತೆಗೆದು, ನಾವಿಬ್ಬರೂ ರಸ್ತೆ ಆಚೆ ಹೋಗಿ ನಿಂತೆವು. ಬಹಳ ಹೊತ್ತಿನ ಮೇಲೆ ಬಂತು, ನಮ್ಮ ಕಡೆ ನೋಡುತ್ತಲೇ ತಿಂದಿತು.